ಒಬ್ಬರೇ ಹಡಗು ಹತ್ತುವವರಿಗೆ ಹತ್ತು ಸೂತ್ರ

ರಾಯಚೂರು ಸೀಮೆಗೆ ಎರಡು ನದಿ ಉಂಟು, ಸಮುದ್ರ ಇಲ್ಲ. ದೇವದುರ್ಗದವರಿಗೆ ಕೃಷ್ಣೆ, ಮಾನ್ವಿಯವರಿಗೆ ತುಂಗಭದ್ರೆ. ಕ್ರೂಸ್ ಎಂದರೆ ಹೊಸ ಜೋಡಿಗಳಿಗೆ, ದೊಡ್ಡ ಕುಟುಂಬಗಳಿಗೆ ಎಂಬ ಭಾವನೆ ನಮ್ಮಲ್ಲಿ ಗಟ್ಟಿ. ನನಗೆ ಹಾಗೆ ಅನ್ನಿಸುವುದಿಲ್ಲ. ನಿವೃತ್ತಿಯಾದ ಶಿಕ್ಷಕಿ, ಮಕ್ಕಳನ್ನು ಬೆಂಗಳೂರು, ಹೈದರಾಬಾದಿಗೆ ಕಳಿಸಿ ಮನೆಯಲ್ಲಿ ಒಬ್ಬರೇ ಉಳಿದವರು, ಇನ್ನೂ ಮದುವೆಯಾಗದ ನೌಕರರು, ಇಂಥವರ ಮೊದಲ ಒಂಟಿ ಪ್ರವಾಸಕ್ಕೆ ಹಡಗೇ ಒಳ್ಳೆಯದು. ಊರೂರಿಗೆ ಲಾಡ್ಜ್ ಹುಡುಕಬೇಕಿಲ್ಲ, ರಾತ್ರಿ ಹೊತ್ತು ಆಟೊದವರೊಡನೆ ಚೌಕಾಸಿ ಮಾಡಬೇಕಿಲ್ಲ. ಊಟ, ನಿದ್ದೆ, ಡಾಕ್ಟರು ಎಲ್ಲ ಒಂದೇ ಕಡೆ. ತಯಾರಿ ಬೇಕಿರುವುದು ಹತ್ತುವ ಮುನ್ನ.

1. ಮನೆಯವರಿಗೆ ಬರೆದು ಕೊಡಿ. “ಒಬ್ಬಾಕೀನೇ ಹೊಂಟೀಯೇನು? ಜೊತಿಗೆ ಯಾರೂ ಇಲ್ಲೇನು?” ಈ ಪ್ರಶ್ನೆ ಬಂದೇ ಬರುತ್ತದೆ. ವಾದ ಬೇಡ. ಹಡಗಿನ ಹೆಸರು, ಬುಕಿಂಗ್ ಸಂಖ್ಯೆ, ಕಂಪನಿಯ ಫೋನು, ಯಾವ ದಿನ ಯಾವ ಬಂದರು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮಗನ ಕೈಗೋ ತಮ್ಮನ ಕೈಗೋ ಕೊಡಿ. ನಡುಸಮುದ್ರದಲ್ಲಿ ಊರಿನ ಹಾಗೆ ಫೋನು ಹತ್ತುವುದಿಲ್ಲ ಎಂದು ಮೊದಲೇ ತಿಳಿಸಿ. ಇಲ್ಲದಿದ್ದರೆ ಒಂದು ರಾತ್ರಿ ಕರೆ ಹೋಗದಿದ್ದರೂ ಮನೆಮಂದಿ ಗಾಬರಿಯಾಗುತ್ತಾರೆ. ಹಡಗಿನ ವೈಫೈಗೆ ಬೇರೆ ದುಡ್ಡು. ಸಮುದ್ರದ ಮೇಲಿನ ರೋಮಿಂಗ್ ಬಿಲ್ಲು ಕೈ ಸುಡುತ್ತದೆ, ಹಡಗು ಬಿಟ್ಟ ಕೂಡಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ.

2. ಸುಗ್ಗಿ ಮುಗಿಸಿ ಹೊರಡಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಒರಟು. ಜನವರಿ, ಫೆಬ್ರುವರಿ ಹೊತ್ತಿಗೆ ನೀರು ಶಾಂತವಾಗಿರುತ್ತದೆ. ಮಾನ್ವಿಯ ಭತ್ತ, ದೇವದುರ್ಗದ ಹತ್ತಿ ಮಾರಿ ಕೈಯಲ್ಲಿ ನಾಲ್ಕು ಕಾಸು ಓಡಾಡುವುದೂ ಆಗಲೇ.

3. ಮೊದಲ ಸಲ ಎರಡು ಮೂರು ರಾತ್ರಿ ಸಾಕು. ಕಾರ್ಡೇಲಿಯಾ ಕಂಪನಿ 2021ರ ಸೆಪ್ಟೆಂಬರಿನಲ್ಲಿ ಮುಂಬೈನಿಂದ ಯಾನ ಶುರು ಮಾಡಿತು. ಅದರ ‘ಎಂಪ್ರೆಸ್’ ಹಡಗು ಗೋವಾ, ಲಕ್ಷದ್ವೀಪದ ಕಡೆ ಹೋಗಿಬರುತ್ತದೆ. ಥಳುಕು ಬೇಡ, ದ್ವೀಪ ನೋಡಿದರೆ ಸಾಕು ಎನ್ನುವವರಿಗೆ ಲಕ್ಷದ್ವೀಪ ಆಡಳಿತದ ‘ಸಮುದ್ರಂ’ ಪ್ರವಾಸವಿದೆ. ಅದು ಕೊಚ್ಚಿಯಿಂದ ಎಂ.ವಿ. ಕವರಟ್ಟಿ ಹಡಗಿನಲ್ಲಿ ಹೊರಟು ಕವರಟ್ಟಿ, ಕಲ್ಪೇನಿ, ಮಿನಿಕಾಯ್ ತೋರಿಸುತ್ತದೆ. ರಾತ್ರಿ ಹಡಗಿನಲ್ಲಿ, ಹಗಲು ದ್ವೀಪದಲ್ಲಿ. ಲಕ್ಷದ್ವೀಪಕ್ಕೆ ನಮಗೂ ಪ್ರವೇಶ ಪರವಾನಗಿ ಬೇಕು. ಅದನ್ನು ಯಾರು ಮಾಡಿಸುತ್ತಾರೆ ಎಂದು ಬುಕ್ ಮಾಡುವಾಗಲೇ ಕೇಳಿ.

4. “ತಲೆಗೆ ಎಷ್ಟು?” ಎಂದು ಕೇಳಬೇಡಿ. ಒಂಟಿ ಪ್ರಯಾಣಿಕರು ಹೆಚ್ಚಾಗಿ ಮೋಸ ಹೋಗುವುದು ಇಲ್ಲೇ. ಜಾಹೀರಾತಿನಲ್ಲಿ ಕಾಣುವ ದರ ಒಂದು ಕೋಣೆಯಲ್ಲಿ ಇಬ್ಬರು ಇರುತ್ತಾರೆ ಎಂಬ ಲೆಕ್ಕದ್ದು. ಒಬ್ಬರೇ ಇದ್ದರೆ ಎರಡನೆಯವರ ಪಾಲಿನ ಬಹುಭಾಗವೂ ನಿಮ್ಮ ತಲೆಗೇ ಬೀಳಬಹುದು. ಒಂಟಿ ಜನಕ್ಕೆಂದೇ ಚಿಕ್ಕ ಕೋಣೆ ಕಟ್ಟಿದ ಹಡಗುಗಳು ಹೊರದೇಶದಲ್ಲಿವೆ. 2010ರಲ್ಲಿ ಬಂದ ‘ನಾರ್ವೇಜಿಯನ್ ಎಪಿಕ್’ನಲ್ಲಿ ಅಂಥವು 128 ಇದ್ದವು. ನಮ್ಮಲ್ಲಿ ಆ ಅನುಕೂಲ ನಂಬಿ ಹೊರಡುವಂತಿಲ್ಲ. ಆದ್ದರಿಂದ ಹೀಗೆ ಕೇಳಿ: “ಒಂದು ಕೋಣೆ, ಒಬ್ಬರೇ. ಬಂದರು ಶುಲ್ಕ, ಸೇವಾ ಶುಲ್ಕ, ಜಿಎಸ್‌ಟಿ ಎಲ್ಲ ಸೇರಿ ಕೊನೆಯ ಮೊತ್ತ ಎಷ್ಟು?” ಉತ್ತರವನ್ನು ವಾಟ್ಸಾಪ್‌ನಲ್ಲೋ ಇಮೇಲ್‌ನಲ್ಲೋ ತರಿಸಿಕೊಳ್ಳಿ. ರದ್ದು ಮಾಡಿದರೆ ಎಷ್ಟು ವಾಪಸ್ ಎಂಬುದೂ ಅದರಲ್ಲೇ ಇರಲಿ. ಮುಚ್ಚಿದ ಕೋಣೆ ಎಂದರೆ ಉಸಿರುಗಟ್ಟುವ ಸ್ವಭಾವ ನಿಮ್ಮದಲ್ಲದಿದ್ದರೆ ಕಿಟಕಿಯಿಲ್ಲದ ಒಳಕೋಣೆ ಸಾಕು. ಹಗಲೆಲ್ಲ ಹೇಗೂ ಡೆಕ್ ಮೇಲೆ ಇರುತ್ತೀರಿ.

5. ಆಧಾರ್‌ನಲ್ಲಿ ಇದ್ದಂತೆಯೇ ಹೆಸರು ಕೊಡಿ. ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರು, ಆಧಾರ್‌ನಲ್ಲಿ ಗಂಡನ ಹೆಸರು, ಬ್ಯಾಂಕಿನಲ್ಲಿ ಬರೀ ಇನಿಷಿಯಲ್. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಈ ತೊಂದರೆ ಬಹಳ. ಹೆಸರು ತಾಳೆಯಾಗದಿದ್ದರೆ ಬಂದರಿನ ಬಾಗಿಲಲ್ಲಿ ನಿಮ್ಮ ಪರವಾಗಿ ಮಾತಾಡಲು ಇನ್ನೊಬ್ಬರು ಇರುವುದಿಲ್ಲ.

6. ಒಂದು ದಿನ ಮೊದಲೇ ಮುಂಬೈ ಸೇರಿ. ದೇವದುರ್ಗ, ಮಾನ್ವಿಯವರು ಬಸ್ಸಿನಲ್ಲಿ ರಾಯಚೂರಿಗೆ ಬಂದರೆ ಉದ್ಯಾನ್ ಎಕ್ಸ್‌ಪ್ರೆಸ್ ಇಲ್ಲಿಂದಲೇ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೆ ಒಯ್ಯುತ್ತದೆ. ಹಡಗು ನಿಲ್ಲುವ ಬಲ್ಲಾರ್ಡ್ ಪಿಯರ್ ಅಲ್ಲಿಂದ ಹತ್ತಿರ. ರೈಲು ತಡವಾಯಿತೆಂದು ಹಡಗು ಕಾಯುವುದಿಲ್ಲ. ಒಂದು ರಾತ್ರಿಯ ಲಾಡ್ಜ್ ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

7. ಹೊಟ್ಟೆ ನೋಡಿಕೊಳ್ಳಿ. ಬಸ್ಸಿನಲ್ಲಿ ವಾಂತಿಯಾಗುವವರು ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ ಕೋಣೆ ಕೇಳಿ. ಓಲಾಟ ಅಲ್ಲಿ ಕಡಿಮೆ. ವಾಂತಿ ತಡೆಯುವ ಮಾತ್ರೆಯನ್ನು ತಲೆಸುತ್ತು ಶುರುವಾಗುವ ಮೊದಲೇ ತೆಗೆದುಕೊಳ್ಳಬೇಕು. ಬಿಪಿ, ಸಕ್ಕರೆ ಕಾಯಿಲೆ ಇದ್ದವರು ಊರಿನ ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು. ದಿನದ ಗುಳಿಗೆಗಳು ಚೀಟಿ ಸಮೇತ ಕೈಚೀಲದಲ್ಲಿರಲಿ. ಹೊರಗಿನ ತಿಂಡಿಯನ್ನು ಹಡಗಿಗೆ ಸಾಮಾನ್ಯವಾಗಿ ಬಿಡುವುದಿಲ್ಲ. ಕಟಿರೊಟ್ಟಿ, ಶೇಂಗಾ ಚಟ್ನಿಪುಡಿ ರೈಲಿಗೆ ಮಾತ್ರ ಕಟ್ಟಿಕೊಳ್ಳಿ.

8. ಸುರಕ್ಷತಾ ಕವಾಯತನ್ನು ತಪ್ಪಿಸಬೇಡಿ. ಆತ್ಕೂರಿನ ದಂಡೆಯಿಂದ ಕುರುವಾಪುರಕ್ಕೆ ದತ್ತನ ದರ್ಶನಕ್ಕೆ ಕೃಷ್ಣೆ ದಾಟಿದವರು ನಮ್ಮಲ್ಲಿ ಬಹಳ. ಹರಿಗೋಲಿನಲ್ಲಿ ಲೈಫ್ ಜಾಕೆಟ್ ಇಲ್ಲದೆ ಕೂತು ರೂಢಿಯಾದವರಿಗೆ ಈ ಕವಾಯತು ಬರೀ ಶಾಸ್ತ್ರದಂತೆ ಕಾಣಬಹುದು. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಬಳಿ ‘ಕೋಸ್ಟಾ ಕಾಂಕಾರ್ಡಿಯಾ’ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಅದೇ ದಿನ ಹತ್ತಿದ್ದ ನೂರಾರು ಜನಕ್ಕೆ ಇನ್ನೂ ಕವಾಯತು ಆಗಿರಲಿಲ್ಲ. 2015ರಿಂದ ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಅದನ್ನು ಮಾಡಿಸುವುದು ಅಂತರರಾಷ್ಟ್ರೀಯ ನಿಯಮ. ಏಳು ಗಿಡ್ಡ ಸೀಟಿ, ಒಂದು ಉದ್ದ ಸೀಟಿ ಕೇಳಿದರೆ ನಿಮಗೆ ಗೊತ್ತು ಮಾಡಿದ ಜಾಗದಲ್ಲಿ ಸೇರಬೇಕು. ಕೋಣೆಯಿಂದ ಅಲ್ಲಿಗೆ ಮೆಟ್ಟಿಲ ಮೇಲೆ ಒಮ್ಮೆ ನಡೆದು ನೋಡಿ. ಜೋಡಿ ಇದ್ದವರನ್ನು ಜೋಡಿ ಎಬ್ಬಿಸುತ್ತದೆ. ಒಬ್ಬರೇ ಇದ್ದವರ ಕಾಲಿಗೇ ದಾರಿ ಗೊತ್ತಿರಬೇಕು.

9. ಮೊದಲ ರಾತ್ರಿಯ ಊಟ ಕೋಣೆಯಲ್ಲಿ ಬೇಡ. ಸಂಕೋಚ ಹೆಚ್ಚಾಗುವುದು ಆಗಲೇ. ತಟ್ಟೆ ಹಿಡಿದು ನಿಂತಾಗ ಸುತ್ತಲೂ ಬರೀ ಕುಟುಂಬಗಳು. ಊಟದ ಮನೆಯ ಮೇಲ್ವಿಚಾರಕರಿಗೆ “ನಾನು ಒಬ್ಬಳೇ ಬಂದೀನಿ, ಮಂದಿ ಇರೋ ಟೇಬಲ್ ಕೊಡ್ರಿ” ಎಂದು ನೇರವಾಗಿ ಹೇಳಿ. ಹಿಂದಿ ಮುರುಕಾಗಿದ್ದರೂ ನಡೆಯುತ್ತದೆ. ಬೆಳಿಗ್ಗೆ ಒಂದೇ ಹೊತ್ತಿಗೆ ಡೆಕ್ ಮೇಲೆ ನಡೆಯಿರಿ, ಎರಡನೇ ದಿನಕ್ಕೇ ಮುಖ ಪರಿಚಯವಾಗುತ್ತದೆ. ಮಾತು ಎಷ್ಟು ಬೇಕಾದರೂ ಆಡಿ, ಕೋಣೆಯ ಸಂಖ್ಯೆ ಮಾತ್ರ ಹೇಳಬೇಡಿ. ಹಡಗಿನಲ್ಲಿ ಕೊಳ್ಳುವುದೆಲ್ಲ ಹಡಗಿನವರೇ ಕೊಡುವ ಕಾರ್ಡಿನ ಲೆಕ್ಕಕ್ಕೆ ಹೋಗುವುದರಿಂದ ದಿನವೂ ರಾತ್ರಿ ಬಿಲ್ಲು ನೋಡಿ.

10. ದ್ವೀಪಕ್ಕೆ ಇಳಿಯುವಾಗ ಕೈ ಖಾಲಿ ಇರಲಿ. ಲಕ್ಷದ್ವೀಪದಲ್ಲಿ ಹಡಗು ಆಳದ ನೀರಿನಲ್ಲಿ ನಿಂತು ಚಿಕ್ಕ ದೋಣಿಗಳಲ್ಲಿ ದಡಕ್ಕೆ ಕರೆದೊಯ್ಯುವುದು ಸಾಮಾನ್ಯ. ದೋಣಿ ಏಳುತ್ತದೆ, ಇಳಿಯುತ್ತದೆ. ಸೀರೆಗಿಂತ ಚೂಡಿದಾರ್ ವಾಸಿ, ಚಪ್ಪಲಿ ಜಾರದಂತಿರಲಿ, ಸಾಮಾನೆಲ್ಲ ಬೆನ್ನಚೀಲದಲ್ಲಿರಲಿ. ಸಿಬ್ಬಂದಿ “ಈಗ” ಎಂದಾಗ ಅವರ ಕೈ ಹಿಡಿದು ಕಾಲಿಡಿ. ಅಲೆ ಜೋರಿದ್ದು ಇಳಿಸುವುದಿಲ್ಲ ಎಂದರೆ ಕಪ್ತಾನರ ಮಾತೇ ಕೊನೆ. ವಾಪಸ್ ಬರುವ ಹೊತ್ತನ್ನು ಅಂಗೈ ಮೇಲೆ ಬರೆದುಕೊಂಡರೂ ತಪ್ಪಿಲ್ಲ. ಮುಂಬೈಗೆ ಮರಳಿದ ದಿನವೇ ರಾಯಚೂರಿಗೆ ಹೊರಡುವುದಾದರೆ ಹಡಗು ತಲುಪುವ ಹೊತ್ತಿಗೂ ರೈಲಿನ ಹೊತ್ತಿಗೂ ನಡುವೆ ಅರ್ಧ ದಿನವಾದರೂ ಬಿಟ್ಟು ಟಿಕೆಟ್ ಮಾಡಿಸಿ. ಅಲ್ಲಿಯವರೆಗೆ ಚೀಲಗಳನ್ನು ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿ ಇಡಬಹುದು. ಅದಕ್ಕೆ ಬೀಗ ಹಾಕಿದ ಚೀಲ ಬೇಕು, ಬೀಗವನ್ನು ಊರಿನಿಂದಲೇ ಒಯ್ಯಿರಿ.