ಬೆಟ್ಟದ ಗಾಳಿ, ಹಳೆಯ ಗಾಡಿ

ಮಸಿನಗುಡಿಯಿಂದ ಕಲ್ಹಟ್ಟಿ ಘಟ್ಟದ 36 ತಿರುವುಗಳನ್ನೇರುವಾಗ ಹಳೆಯ ಟರ್ಬೊ ಕಾರು ಏದುಸಿರು ಬಿಡುವುದುಂಟು. ಟರ್ಬೊ ಒತ್ತಡವನ್ನು ಹೆಚ್ಚಿಸಬಹುದೇ ಎಂದು ಹಳೆಯ ವಿದ್ಯಾರ್ಥಿಗಳು ನನ್ನನ್ನು ಕೇಳುತ್ತಾರೆ. ತರಗತಿಯಲ್ಲಿ ಕಲಿತ ವಾಯುಭಾರದ ಪಾಠವೇ ಇದಕ್ಕೆ ಉತ್ತರ.

ಇಂಜಿನಿನ ಹೊಗೆಯ ರಭಸದಿಂದ ತಿರುಗಿ, ಹೊರಗಿನ ಗಾಳಿಯನ್ನು ಒತ್ತಿ ಒಳಗೆ ಕಳುಹಿಸುವ ಯಂತ್ರವೇ ಟರ್ಬೊ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಅವರು ಪೈಕ್ಸ್ ಪೀಕ್ ಪರ್ವತದ ಮೇಲೆ ವಿಮಾನದ ಇಂಜಿನಿಗೆ ಇದನ್ನು ಜೋಡಿಸಿ ಪರೀಕ್ಷಿಸಿದರು. ಎತ್ತರದಲ್ಲಿ ಕಳೆದುಹೋಗಿದ್ದ ಶಕ್ತಿ ಮರಳಿ ಬಂದಿತು.

ಸಮುದ್ರಮಟ್ಟದಲ್ಲಿ ವಾಯುಭಾರ ಸುಮಾರು 1 ಬಾರ್. 2,240 ಮೀಟರ್ ಎತ್ತರದ ಉದಕಮಂಡಲದಲ್ಲಿ ಸುಮಾರು 0.77 ಮಾತ್ರ. ಟರ್ಬೊ 0.5 ಬಾರ್ ಸೇರಿಸಿದರೆ ಅಲ್ಲಿ ಒಟ್ಟು 1.5, ಇಲ್ಲಿ 1.27. ಕೊರತೆಯನ್ನು ತುಂಬಲು ಟರ್ಬೊ ಒತ್ತಡವನ್ನು 0.73ಕ್ಕೆ ಏರಿಸಿದಿರೆನ್ನಿ. ಆಗ ಗಾಳಿಯನ್ನು ಒಂದೂವರೆ ಪಟ್ಟಲ್ಲ, ಸುಮಾರು ಎರಡು ಪಟ್ಟು ಒತ್ತಬೇಕು. ಟರ್ಬೊ ಅತಿವೇಗದಿಂದ ತಿರುಗುತ್ತದೆ, ಗಾಳಿಯೂ ಕಾಯುತ್ತದೆ. ಅದೇ ಗಾಡಿ ಮೇಟ್ಟುಪಾಳಯಕ್ಕೆ ಇಳಿದರೆ ಒಟ್ಟು ಒತ್ತಡ ಸುಮಾರು 1.7 ಬಾರ್! ಹಳೆಯ ಪಿಸ್ಟನ್, ಗ್ಯಾಸ್ಕೆಟ್ಟುಗಳು ಅದನ್ನು ತಾಳದಿರಬಹುದು. ಬೆಟ್ಟಕ್ಕೆ ಹೊಂದಿಸಿದ್ದು ಬಯಲಿಗೆ ಹೊಂದದು.

ಆದುದರಿಂದ ಮೊದಲು ಸಿಲಿಂಡರುಗಳ ಕಂಪ್ರೆಶನ್, ಗಾಳಿಕೊಳವೆಗಳ ಸೋರಿಕೆ, ಏರ್ ಫಿಲ್ಟರ್, ಆಯಿಲ್ ಇವುಗಳನ್ನು ಪರೀಕ್ಷಿಸಿರಿ. ಎಷ್ಟೋ ವೇಳೆ ಕಳೆದ ಶಕ್ತಿ ಇಷ್ಟರಿಂದಲೇ ಮರಳುತ್ತದೆ. ಅನಂತರವೂ ಏರಿಸುವುದಾದರೆ ಒತ್ತಡಮಾಪಕವನ್ನೂ ಹೊಗೆಯ ಉಷ್ಣಮಾಪಕವನ್ನೂ ಕೂಡಿಸಿ, ನುರಿತ ಮೆಕ್ಯಾನಿಕ್‌ನಿಂದ ಬಯಲುಸೀಮೆಯಲ್ಲಿಯೇ ಸ್ವಲ್ಪಸ್ವಲ್ಪವಾಗಿ ಹೊಂದಿಸಿರಿ. ಗಾಳಿಗೆ ತಕ್ಕ ಇಂಧನವೂ ದೊರೆಯಬೇಕು. ಪೆಟ್ರೋಲ್ ಇಂಜಿನಿನಲ್ಲಿ ಟಕಟಕ ಸದ್ದು ಕೇಳಿದರೆ ಒಡನೆ ಒತ್ತಡವನ್ನು ಇಳಿಸಿರಿ; ಡೀಸೆಲ್ ಇಂಜಿನಿನಲ್ಲಿ ಹೊಗೆಯ ಉಷ್ಣ ಮಿತಿಮೀರಿದರೆ ಒಡನೆ ಇಂಧನವನ್ನು ತಗ್ಗಿಸಿರಿ.

ಘಟ್ಟವನ್ನು ಬೇಗ ಏರುವುದಕ್ಕಿಂತ ಮನೆಮಂದಿಯೊಡನೆ ಕ್ಷೇಮವಾಗಿ ಮೇಲೆ ತಲುಪುವುದೇ ಮೇಲು.