ಬಾಲ ಇಲ್ಲದ ರಾಕೆಟ್ ಎಲ್ಲಿಗೆ ಹೋಗುತ್ತೆ?

ಕಡ್ಡಿ ಮುರಿದ ರಾಕೆಟ್ ಹಚ್ಚಬಾರದು ಅಂತ ದೀಪಾವಳಿ ಆಚರಿಸಿದವರಿಗೆಲ್ಲ ಗೊತ್ತು. ಹಚ್ಚಿದರೆ ಅದು ಆಕಾಶಕ್ಕೆ ಹೋಗಲ್ಲ, ಎದುರು ಮನೆ ಬಾಲ್ಕನಿಗೆ ಹೋಗುತ್ತೆ. ಮದ್ದು ಅಷ್ಟೇ ಇದೆ, ತಳ್ಳುವ ಬಲವೂ ಅಷ್ಟೇ ಇದೆ, ಇಲ್ಲದಿರೋದು ಒಂದು ಬಿದಿರಿನ ಕಡ್ಡಿ ಮಾತ್ರ. ಹಾಗಾದರೆ ಆ ಕಡ್ಡಿ ಅಲ್ಲಿ ಏನು ಕೆಲಸ ಮಾಡ್ತಿತ್ತು? ಇದಕ್ಕೆ ಉತ್ತರ ಗೊತ್ತಾದರೆ ಮಾಡೆಲ್ ರಾಕೆಟ್ ಕಟ್ಟೋದರಲ್ಲಿ ಅರ್ಧ ಕಲಿತ ಹಾಗೆ. ಫಸ್ಟ್ ಇಯರ್‌ನವರು ಫೆಸ್ಟ್‌ಗೆ ರಾಕೆಟ್ ಮಾಡಬೇಕು ಅಂತ ನಮ್ಮನ್ನು ಕೇಳಿದಾಗಲೆಲ್ಲ ಮೊದಲ ಪ್ರಶ್ನೆ "ಎಷ್ಟು ಎತ್ತರ ಹೋಗುತ್ತೆ?" ಅಂತಲೇ ಇರುತ್ತೆ. ನೇರ ಹೋಗುತ್ತಾ ಅಂತ ಯಾರೂ ಕೇಳಲ್ಲ. ಆದರೆ ತಿರುಗಿದ ರಾಕೆಟ್ ನೋಡುತ್ತಾ ನಿಂತವರ ಕಡೆಗೇ ಬರಬಹುದು. ಹಾಗಾಗಿ ನಾವು ಶುರು ಮಾಡೋದು ಅಲ್ಲಿಂದಲೇ.

ಈ ಕಡ್ಡಿಯ ಚರಿತ್ರೆ ನಮ್ಮ ಊರಿನದೇ. ಹೈದರ್ ಮತ್ತು ಟಿಪ್ಪು ಕಾಲದ ಮೈಸೂರು ರಾಕೆಟ್ ಅಂದರೆ ಸುಮಾರು 20 ಸೆಂಟಿಮೀಟರ್ ಉದ್ದದ ಕಬ್ಬಿಣದ ಕೊಳವೆ, ಅದಕ್ಕೆ ಬಿಗಿದು ಕಟ್ಟಿದ ಸುಮಾರು ಒಂದು ಮೀಟರ್ ಬಿದಿರು. 1780ರಲ್ಲಿ ಪೊಲ್ಲಿಲೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೋತ ಯುದ್ಧದಲ್ಲಿ ಇವನ್ನು ಬಳಸಿದ್ದರು. ಸಿಟಿ ಮಾರ್ಕೆಟ್ ಹತ್ತಿರದ ತಾರಾಮಂಡಲಪೇಟೆಯ ಹೆಸರು ಈ ಕೆಲಸದಿಂದಲೇ ಬಂತು ಅಂತ ಹೇಳ್ತಾರೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಹಳೇ ಬಾವಿಯಿಂದ ಸಾವಿರ ದಾಟಿ ಇಂಥ ಕೊಳವೆಗಳು ಸಿಕ್ಕಿದವು. ನಮ್ಮ ಯುವಿಸಿಇಯಲ್ಲಿ ಮೆಕ್ಯಾನಿಕಲ್ ಓದಿದ ರೊದ್ದಂ ನರಸಿಂಹ 1985ರಲ್ಲಿ ಈ ರಾಕೆಟ್‌ಗಳ ಬಗ್ಗೆ ಬರೆದ ಪ್ರಬಂಧ ಇವತ್ತಿಗೂ ಓದೋಕೆ ಚೆನ್ನಾಗಿದೆ. ವಾಟ್ಸಾಪ್ ಫಾರ್ವರ್ಡ್‌ಗಳಲ್ಲಿ ಟಿಪ್ಪು ರಾಕೆಟ್ ಅಂದ ಕೂಡಲೇ ಹೆಮ್ಮೆ ಶುರುವಾಗುತ್ತೆ, ಬಿದಿರು ಯಾಕೆ ಅನ್ನೋ ಪ್ರಶ್ನೆ ಬರಲ್ಲ. ಯುರೋಪಿನ ಕಾಗದದ ಕೊಳವೆಗಿಂತ ಕಬ್ಬಿಣ ಹೆಚ್ಚು ಒತ್ತಡ ತಡೆಯುತ್ತಿತ್ತು. ನೂಕುಬಲ ಜಾಸ್ತಿ ಆದದ್ದು ಅದರಿಂದ. ಆ ಬಲಕ್ಕೆ ದಿಕ್ಕು ಕೊಟ್ಟಿದ್ದು ಬಿದಿರು. ಆಮೇಲೆ ಇಂಗ್ಲೆಂಡಿನಲ್ಲಿ ಕಾಂಗ್ರೀವ್ ಇದನ್ನೇ ಮುಂದುವರಿಸಿದ. ಮೊದಲು ಕೊಳವೆಯ ಪಕ್ಕಕ್ಕೆ ಇದ್ದ ಕೋಲನ್ನು 1815ರಲ್ಲಿ ನಡುಮಧ್ಯಕ್ಕೆ ತಂದ. 1844ರಲ್ಲಿ ವಿಲಿಯಂ ಹೇಲ್ ರಾಕೆಟ್ಟನ್ನೇ ಗಿರಗಿರ ತಿರುಗಿಸಿ ಕೋಲನ್ನು ಪೂರ್ತಿ ಕೈಬಿಟ್ಟ.

ಈಗ ಕೋಲಿನ ಕೆಲಸಕ್ಕೆ ಬರೋಣ. ಹಾರುವ ವಸ್ತು ಓಲಾಡಿದರೆ ತನ್ನ ತೂಕದ ಕೇಂದ್ರದ ಸುತ್ತ ತಿರುಗುತ್ತೆ. ಇದು ಸಿಜಿ. ಗಾಳಿ ಪಕ್ಕದಿಂದ ತಳ್ಳುವ ಬಲವನ್ನೆಲ್ಲ ಒಂದೇ ಬಿಂದುವಿನಲ್ಲಿ ಇಟ್ಟು ನೋಡಿದರೆ ಅದು ಸಿಪಿ, ಅಂದರೆ ಗಾಳಿಯೊತ್ತಡದ ಕೇಂದ್ರ. ಸಿಪಿ ಹಿಂದೆ ಇದ್ದರೆ, ಮೂತಿ ಎಡಕ್ಕೆ ವಾಲಿದ ತಕ್ಷಣ ಗಾಳಿ ಬಾಲವನ್ನು ತಳ್ಳಿ ಮತ್ತೆ ಸಾಲಿಗೆ ತರುತ್ತೆ. ಸಿಪಿ ಮುಂದೆ ಇದ್ದರೆ ಅದೇ ಗಾಳಿ ಮೂತಿಯನ್ನು ಇನ್ನಷ್ಟು ತಳ್ಳಿ ಪಲ್ಟಿ ಹೊಡೆಸುತ್ತೆ. ಉದ್ದದ ಬಿದಿರು ಗಾಳಿಗೆ ತುಂಬಾ ಹಿಂದೆ ಒಂದು ಹಿಡಿ ಕೊಡುತ್ತೆ. ನಾವು ಅಂಟಿಸುವ ಫಿನ್ ಮಾಡೋದೂ ಇದೇ ಕೆಲಸ, ಕಡಿಮೆ ಉದ್ದದಲ್ಲಿ. ಸಿಜಿ, ಸಿಪಿಗಿಂತ ಕನಿಷ್ಠ ಒಂದು ವ್ಯಾಸದಷ್ಟು ಮುಂದೆ ಇರಬೇಕು ಅನ್ನೋದು ಹವ್ಯಾಸಿಗಳ ಲೆಕ್ಕ. ಅಂದರೆ 2 ಲೀಟರ್ ಬಾಟಲಿಗೆ ಸುಮಾರು 11 ಸೆಂಟಿಮೀಟರ್.

ಸಿಪಿ ಕಂಡುಹಿಡಿಯೋಕೆ ಜೇಮ್ಸ್ ಬ್ಯಾರೋಮನ್ 1966ರಲ್ಲಿ ಕೊಟ್ಟ ಸಮೀಕರಣಗಳಿವೆ, ಓಪನ್‌ರಾಕೆಟ್ ಅನ್ನೋ ಉಚಿತ ಸಾಫ್ಟ್‌ವೇರ್ ಕೂಡ ಇದೆ. ಆದರೆ ಮೊದಲ ಸಲಕ್ಕೆ ರಟ್ಟು ಸಾಕು. ರಾಕೆಟ್ಟಿನ ಪಕ್ಕದ ನೋಟವನ್ನು ಅಳತೆಗೆ ಸರಿಯಾಗಿ ರಟ್ಟಿನ ಮೇಲೆ ಬರೆದು ಕತ್ತರಿಸಿ, ಸ್ಕೇಲಿನ ಅಂಚಿನ ಮೇಲೆ ಇಟ್ಟು ತೂಗಿಸಿ. ಅದು ಬ್ಯಾಲೆನ್ಸ್ ಆಗುವ ಜಾಗವೇ ಸಿಪಿ ಅಂತ ಇಟ್ಟುಕೊಳ್ಳಿ. ನಿಜವಾದ ಸಿಪಿ ಸಾಮಾನ್ಯವಾಗಿ ಅದಕ್ಕಿಂತ ಹಿಂದೆಯೇ ಇರೋದರಿಂದ ಈ ಲೆಕ್ಕ ತಪ್ಪಿದರೂ ಸೇಫ್ ಕಡೆಗೇ ತಪ್ಪುತ್ತೆ.

ಅಮೆರಿಕದಲ್ಲಿ ಈ ಹವ್ಯಾಸ 1957ರ ಸುಮಾರಿಗೆ ಆರ್ವಿಲ್ ಕಾರ್ಲೈಲ್ ಮತ್ತು ಹ್ಯಾರಿ ಸ್ಟೈನ್ ಅವರಿಂದ ಬೆಳೆಯಿತು. ಅಲ್ಲಿ ಕಾರ್ಖಾನೆಯಲ್ಲಿ ಮಾಡಿದ ಪುಟ್ಟ ಮೋಟಾರ್ ಅಂಗಡಿಯಲ್ಲೇ ಸಿಗುತ್ತೆ. ನಮ್ಮಲ್ಲಿ ಅಂಥ ಮದ್ದು 1884ರ ಸ್ಫೋಟಕಗಳ ಕಾಯ್ದೆಯ ಕೆಳಗೆ ಬರುತ್ತೆ, ಲೈಸೆನ್ಸ್ ಇಲ್ಲದೆ ತಯಾರಿಸೋದು ಅಪರಾಧ. ಪಟಾಕಿ ಬಿಚ್ಚಿ ಮದ್ದು ತುಂಬುವ ಐಡಿಯಾ ಪ್ರತಿ ಬ್ಯಾಚ್‌ನಲ್ಲೂ ಒಬ್ಬರಿಗೆ ಬರುತ್ತೆ. ಅದು ಬೇಡವೇ ಬೇಡ, ಬೆರಳು ಹೋದ ಮೇಲೆ ಲ್ಯಾಬ್ ರೆಕಾರ್ಡ್ ಬರೆಯೋದು ಕಷ್ಟ. ನೀರು ಮತ್ತು ಗಾಳಿ ಸಾಕು, ಅದನ್ನು ಆಟದ ಸಾಮಾನು ಅಂತ ತಿಳಿಯಬೇಡಿ.

ಲೆಕ್ಕ ಹಾಕೋಣ. 2 ಲೀಟರ್ ಸೋಡಾ ಬಾಟಲಿ, 600 ಮಿಲಿ ನೀರು, 4 ಬಾರ್ ಒತ್ತಡ, ಅಂದರೆ ಸೈಕಲ್ ಪಂಪಿನ ಮೀಟರ್‌ನಲ್ಲಿ 60 ಪಿಎಸ್‌ಐಗೆ ಸ್ವಲ್ಪ ಕಡಿಮೆ. ಬರ್ನೌಲಿ ಪ್ರಕಾರ ನೀರು ಸೆಕೆಂಡಿಗೆ 28 ಮೀಟರ್ ವೇಗದಲ್ಲಿ ಚಿಮ್ಮುತ್ತೆ. ಬಾಟಲಿಯ ಬಾಯಿ ಒಳಗಡೆ ಸುಮಾರು 22 ಮಿಲಿಮೀಟರ್. ಒತ್ತಡವನ್ನು ಬಾಯಿಯ ವಿಸ್ತೀರ್ಣದಿಂದ ಗುಣಿಸಿ ಎರಡರಷ್ಟು ಮಾಡಿದರೆ ಶುರುವಿನ ನೂಕುಬಲ ಸುಮಾರು 300 ನ್ಯೂಟನ್ ಬರುತ್ತೆ. ನೀರು ಸೇರಿ ರಾಕೆಟ್ಟಿನ ತೂಕ ಮುಕ್ಕಾಲು ಕೆಜಿ, ಬಲ ಮೂವತ್ತು ಕೆಜಿ ಎತ್ತುವಷ್ಟು! ಆದರೆ ನೀರೆಲ್ಲ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಖಾಲಿ. ಅಷ್ಟರಲ್ಲಿ ರಾಕೆಟ್ ಏರಿರೋದು ಒಂದೆರಡು ಮೀಟರ್ ಇರಬಹುದು. ಅಲ್ಲಿಂದ ಮುಂದೆ ಇಂಜಿನ್ ಇಲ್ಲ, ಅದು ಎಸೆದ ಬಾಣ ಅಷ್ಟೇ. ಹಾರಾಟದ ಬಹುಪಾಲು ನೋಡಿಕೊಳ್ಳೋದು ಫಿನ್ ಮತ್ತು ಮೂತಿಯ ತೂಕ. ಎತ್ತರ ಬೇಕು ಅಂತ ಪಂಪ್ ಹೊಡೀತಾ ಹೋಗುವವರು ಆ ಹತ್ತನೇ ಒಂದು ಸೆಕೆಂಡಿನ ಮೇಲೇ ಎಲ್ಲಾ ಶ್ರಮ ಹಾಕ್ತಾರೆ ಅನ್ನೋದು ನಮ್ಮ ದೂರು.

ಬಾಟಲಿ ಸೋಡಾದ್ದೇ ಆಗಿರಬೇಕು. ಕುಡಿಯೋ ನೀರಿನ ಬಾಟಲಿ ತೆಳು, ಒತ್ತಡಕ್ಕೆ ಮಾಡಿದ್ದಲ್ಲ. ಬಾಯಿ ಕೆಳಗೆ, ತಳ ಮೇಲೆ. ತಳದ ಮೇಲೆ ಇನ್ನೊಂದು ಬಾಟಲಿಯ ಭುಜದ ಭಾಗ ಕತ್ತರಿಸಿ ಟೋಪಿ ಹಾಕಿ, ಅದರೊಳಗೆ ಮಕ್ಕಳು ಆಡುವ ಕ್ಲೇ ಒತ್ತಿ. ಕಲ್ಲು, ನಟ್ಟು, ಬೋಲ್ಟು ಹಾಕಬೇಡಿ, ಕೆಳಗೆ ಬರುವಾಗ ಮೂತಿಯೇ ಮೊದಲು ಬರೋದು. ಫಿನ್‌ಗೆ ಬಿಟಿಎಂ ಕಡೆ ಪಿಜಿ, ಟ್ಯೂಷನ್ ಜಾಹೀರಾತಿಗೆ ಕಂಬಕ್ಕೆ ಕಟ್ಟುತ್ತಾರಲ್ಲ, ಆ ಸನ್‌ಪ್ಯಾಕ್ ಶೀಟ್ ತುಂಬಾ ಚೆನ್ನಾಗಿರುತ್ತೆ. ಹಗುರ, ಮುರಿಯಲ್ಲ. (ಕಂಬದಿಂದ ಕೀಳಿ ಅಂತ ನಾವು ಹೇಳ್ತಿಲ್ಲ, ಸ್ಟೇಷನರಿ ಅಂಗಡಿಯಲ್ಲಿ ಕೇಳಿ.) ಫಿನ್ನನ್ನು ನೇರ ಒತ್ತಡದ ಬಾಟಲಿಗೆ ಅಂಟಿಸೋದಕ್ಕಿಂತ ಮತ್ತೊಂದು ಬಾಟಲಿಯಿಂದ ಬಳೆ ಥರ ಕತ್ತರಿಸಿ, ಅದಕ್ಕೆ ಫಿನ್ ಕೂಡಿಸಿ, ಬಳೆಯನ್ನು ಬಾಯಿಯ ಕಡೆಗೆ ಜಾರಿಸಿ ಟೇಪ್ ಸುತ್ತಿ. ಮೂರು ಫಿನ್ ಸಾಕು. ಕಾಗದದ ಪಟ್ಟಿಯನ್ನು ಸುತ್ತ ಹಾಕಿ ಮೂರು ಸಮಭಾಗಕ್ಕೆ ಮಡಿಸಿದರೆ ಜಾಗ ಸಿಗುತ್ತೆ, ಬಾಗಿಲಿನ ಚೌಕಟ್ಟಿನ ಮೂಲೆಗೆ ಬಾಟಲಿ ಒರಗಿಸಿ ಗೆರೆ ಎಳೆದರೆ ನೇರ ಬರುತ್ತೆ.

ಫಿನಿಶಿಂಗ್ ಅಂದರೆ ಚಂದ ಕಾಣೋದಕ್ಕೆ ಮಾತ್ರ ಅಂದುಕೊಳ್ಳೋದು ಬೇಡ. ಫಿನ್ನಿನ ಮುಂದಿನ ಅಂಚಿಗೆ ಟೇಪ್ ಮಡಚಿ ದುಂಡಗೆ ಮಾಡಿದರೆ ಗಾಳಿಯ ಎಳೆತ ಕಡಿಮೆ. ಬಾಲ್ಸಾ ಮರ ಬಳಸಿದ್ದರೆ 220, ಆಮೇಲೆ 400ರ ಉಪ್ಪು ಕಾಗದ ಹಾಕಿ ಉಜ್ಜಿ. ಆದರೆ ಒತ್ತಡದ ಬಾಟಲಿಯನ್ನು ಯಾವತ್ತೂ ಉಜ್ಜಬೇಡಿ, ಗೀರು ಬಿದ್ದಲ್ಲೇ ಅದು ಬಿರಿಯೋದು. ಥಿನ್ನರ್ ಇರುವ ಸ್ಪ್ರೇ ಪೇಂಟ್, ಸೂಪರ್ ಗ್ಲೂ ಕೂಡ ಆ ಪ್ಲಾಸ್ಟಿಕ್ಕನ್ನು ಹಾಳು ಮಾಡಬಹುದು. ಬಣ್ಣವೆಲ್ಲ ಟೋಪಿಗೆ ಮತ್ತು ಫಿನ್ನಿಗೆ ಇರಲಿ. ಫಿನ್ನಿಗೆ ಮೂರು ಕೋಟ್ ಬಳಿದರೆ ತೂಕ ಬಾಲಕ್ಕೆ ಸೇರಿ ಸಿಜಿ ಹಿಂದಕ್ಕೆ ಸರಿಯುತ್ತೆ ಅನ್ನೋದನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಅದಕ್ಕೇ ಸಿಜಿ ನೋಡೋದು ಬಣ್ಣ ಒಣಗಿದ ಮೇಲೆ.

ಆಮೇಲೆ ದಾರದ ಪರೀಕ್ಷೆ. ಖಾಲಿ ರಾಕೆಟ್ಟಿನ ಸಿಜಿಗೆ ದಾರ ಕಟ್ಟಿ, ಮೂರು ಮೀಟರ್ ಬಿಟ್ಟು, ತಲೆಯ ಮೇಲೆ ಕವಣೆ ಥರ ಬೀಸಿ. ಮೂತಿ ಮುಂದಾಗಿ ಸುತ್ತಿದರೆ ಪಾಸ್. ಅಡ್ಡಡ್ಡ ಅಥವಾ ಬಾಲ ಮುಂದಾಗಿ ಸುತ್ತಿದರೆ ಮೂತಿಗೆ ಕ್ಲೇ ಸೇರಿಸಿ ಇಲ್ಲವೇ ಫಿನ್ ದೊಡ್ಡದು ಮಾಡಿ. ಐದು ನಿಮಿಷದ ಕೆಲಸ, ಖರ್ಚು ಸೊನ್ನೆ. ಇದಾಗದೆ ಪಂಪ್ ಮುಟ್ಟಬಾರದು ಅನ್ನೋದು ನಮ್ಮ ಒಂದೇ ಕಟ್ಟುನಿಟ್ಟು.

ಹಾಗಂತ ಫಿನ್ ವಿಪರೀತ ದೊಡ್ಡದಾದರೂ ಕಷ್ಟವೇ. ಅತಿ ಸ್ಥಿರವಾದ ರಾಕೆಟ್ ಗಾಳಿ ಬರುವ ಕಡೆಗೇ ಮೂತಿ ತಿರುಗಿಸಿ ಓರೆಯಾಗಿ ಹೋಗುತ್ತೆ. ಆಷಾಢದ ಗಾಳಿಯಲ್ಲಿ ಇದು ಚೆನ್ನಾಗಿ ಕಾಣುತ್ತೆ. ಹಾರಿಸೋಕೆ ಬೆಳಗ್ಗೆ ಏಳರೊಳಗೆ ಒಳ್ಳೇದು, ಗಾಳಿ ಕಡಿಮೆ, ಕ್ರಿಕೆಟ್‌ನವರೂ ಬಂದಿರಲ್ಲ. ಜಯನಗರ, ಜೆಪಿ ನಗರದ ಪಾರ್ಕುಗಳು ಈ ಕೆಲಸಕ್ಕಲ್ಲ. ವೈರು, ತೆಂಗಿನ ಮರ, ವಾಕಿಂಗ್ ಬರುವ ಹಿರಿಯರು. ನಮ್ಮ ಏರಿಯಾದಲ್ಲಿ ಇಸ್ರೋ ಲೇಔಟ್ ಅಂತಲೇ ಬಡಾವಣೆ ಇದೆ, ಅಲ್ಲೂ ರಾಕೆಟ್ ಬಿಡೋಕೆ ಜಾಗ ಇಲ್ಲ! ಕಾಲೇಜ್ ಗ್ರೌಂಡಿಗೆ ಎಚ್‌ಒಡಿ ಹತ್ತಿರ ಪತ್ರಕ್ಕೆ ಸೈನ್ ಹಾಕಿಸಿಕೊಳ್ಳಿ. ಕನ್ನಡಕ ಹಾಕಿ, ಬಿಡುವ ಕೊಕ್ಕೆಗೆ ಹತ್ತು ಮೀಟರ್ ದಾರ ಕಟ್ಟಿ, ಎಲ್ಲರೂ ಒಂದೇ ಕಡೆ, ಗಾಳಿ ಬರುವ ದಿಕ್ಕಿನಿಂದ ಪಕ್ಕಕ್ಕೆ ನಿಲ್ಲಿ. ಒತ್ತಡ ತುಂಬಿದ ಬಾಟಲಿಯ ಹತ್ತಿರ ಯಾವ ಕಾರಣಕ್ಕೂ ಹೋಗಬೇಡಿ, ಬಿಡದೆ ಸಿಕ್ಕಿಕೊಂಡರೆ ದೂರದಿಂದಲೇ ಗಾಳಿ ಇಳಿಸುವ ವ್ಯವಸ್ಥೆ ಮೊದಲೇ ಇರಲಿ.

ಇಳಿದ ಮೇಲೆ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ಎಲ್ಲಾದರೂ ಬಿಳಿ ಮಡಿಕೆ ಕಂಡರೆ ಫಿನ್ ಬಳೆ, ಟೋಪಿ ಬಿಚ್ಚಿಟ್ಟುಕೊಂಡು ಬಾಟಲಿಯನ್ನು ಒಣ ಕಸಕ್ಕೆ ಹಾಕಿ. ಹೊಸ ಬಾಟಲಿಗೆ ಅದೇ ಬಳೆ ಕೂರುತ್ತೆ, ದಾರದ ಪರೀಕ್ಷೆ ಮಾತ್ರ ಮತ್ತೆ ಮೊದಲಿಂದ.