ಆನೆಗಿಂತ ಮುಂಚೆ ಎಚ್ಚರವಾಗುವ ಪೆಟ್ಟಿಗೆಗಳು

ಪ್ರಶ್ನೆ: ಮುತ್ತತ್ತಿ ಕಾಡಿನ ಕಡೆಯಿಂದ ಆನೆಗಳು ಹೊರಟರೆ, ಕಬ್ಬಿನ ಗದ್ದೆಗೆ ನುಗ್ಗಿದ ಮೇಲೆಯೇ ರೈತರಿಗೆ ಗೊತ್ತಾಗುವುದು. ಕಾಡಂಚಿನಲ್ಲಿ ಸಣ್ಣ ಸಣ್ಣ ಸೆನ್ಸರ್ ಇಟ್ಟರೆ ಅವು ಯಾವ ಕಡೆ ಹೊರಟಿವೆ ಎಂದು ಮೊದಲೇ ತಿಳಿಯಬಹುದಂತೆ. ಕರೆಂಟೇ ಇಲ್ಲದ ಜಾಗದಲ್ಲಿ ಅವು ಎಷ್ಟು ದಿನ ಬಾಳುತ್ತವೆ?
— ಓದುಗರೊಬ್ಬರು, ಬೆಳಕವಾಡಿ, ಮಳವಳ್ಳಿ ತಾಲ್ಲೂಕು

ಉತ್ತರ: ನೀವು ಕೊನೆಯಲ್ಲಿ ಕೇಳಿದ್ದೇ ಈ ವಿದ್ಯೆಯ ತಿರುಳು. ನಿಮ್ಮೂರಿನ ಪಕ್ಕದ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಯವರೆಗೂ ಹೋಯಿತು. ಆದರೆ ಕಾಡಂಚಿನ ಮರಕ್ಕೆ ಕಟ್ಟಿದ ಅಂಗೈಯಗಲದ ಪೆಟ್ಟಿಗೆಗೆ ಇವತ್ತಿಗೂ ತಂತಿ ಎಳೆಯಲಾಗದು. ಅದು ಒಳಗಿರುವ ಬ್ಯಾಟರಿಯಲ್ಲೇ ಬದುಕಬೇಕು.

ಲೆಕ್ಕ ಹಾಕಿ ನೋಡೋಣ. ಎರಡು ಒಳ್ಳೆಯ ಪೆನ್ಸಿಲ್ ಸೆಲ್ಲುಗಳನ್ನು ಜೋಡಿಸಿದರೆ ಸುಮಾರು 2,000ದಿಂದ 2,500 ಮಿಲಿಆಂಪಿಯರ್-ಗಂಟೆ ಸಿಗುತ್ತದೆ. ಇಂಥ ಪೆಟ್ಟಿಗೆಗಳಲ್ಲಿ ಬಹಳ ಕಾಲ ಬಳಕೆಯಲ್ಲಿದ್ದ ರೇಡಿಯೋ ಚಿಪ್ಪುಗಳು ಆನ್ ಆಗಿದ್ದರೆ 20 ಮಿಲಿಆಂಪಿಯರ್‌ನಷ್ಟು ಎಳೆಯುತ್ತವೆ. ಮಾತಾಡುವಾಗ ಮಾತ್ರವಲ್ಲ, ಸುಮ್ಮನೆ ಕಿವಿಗೊಟ್ಟು ಕೂತಾಗಲೂ ಖರ್ಚು ಹೆಚ್ಚುಕಡಿಮೆ ಅಷ್ಟೇ. ಹಾಗೆ ಕೂತರೆ ನಾಲ್ಕೈದು ದಿನದಲ್ಲಿ ಸೆಲ್ ಖಾಲಿ. ಅದೇ ರೇಡಿಯೋ ನೂರು ಸೆಕೆಂಡಿಗೆ ಒಂದೇ ಸೆಕೆಂಡು ಎದ್ದರೆ ಒಂದು ವರ್ಷಕ್ಕೂ ಮೀರಿ ಬಾಳುತ್ತದೆ. ಆದ್ದರಿಂದ ಜಾಣತನವೆಲ್ಲ ಯಾರು ಮಲಗಬೇಕು, ಯಾರು ಯಾವಾಗ ಏಳಬೇಕು ಎಂಬುದರಲ್ಲಿದೆ.

ಮೊದಲ ಕಾವಲು ರೇಡಿಯೋದ್ದಲ್ಲ, ಪಿಐಆರ್ ಸೆನ್ಸರಿನದು. ಮನೆ ಬಾಗಿಲಲ್ಲಿ ಯಾರಾದರೂ ಓಡಾಡಿದರೆ ದೀಪ ಹತ್ತಿಸುವುದೂ ಇದೇ. ಎದುರಿಗೆ ಮೈಶಾಖ ಹಾದುಹೋದರೆ ಗುರುತಿಸುತ್ತದೆ. ಮಿಲಿಆಂಪಿಯರ್‌ನ ಅತಿ ಚಿಕ್ಕ ಪಾಲು ಸಾಕು. ಅದು ತಟ್ಟಿ ಎಬ್ಬಿಸಿದಾಗ, ಇಲ್ಲವೇ ಆಗಾಗ ಎದ್ದು ನೋಡುವ ರೇಡಿಯೋಗೆ ಪಕ್ಕದ ಪೆಟ್ಟಿಗೆಯ ಕರೆ ಕೇಳಿಸಿದಾಗ ಮಾತ್ರ ಉಳಿದ ಭಾಗ ಕೆಲಸಕ್ಕೆ ಇಳಿಯುತ್ತದೆ.

ಇಲ್ಲಿ ಆನೆಯ ನಡಿಗೆಯೇ ನಮಗೆ ಅನುಕೂಲ. ಗಾಬರಿಯಾಗದ ಆನೆ ಗಂಟೆಗೆ ಐದು ಕಿಲೋಮೀಟರ್ ನಡೆಯಿತೆನ್ನಿ. ಪೆಟ್ಟಿಗೆಗಳು ನೂರು ಮೀಟರಿಗೊಂದರಂತೆ ಇದ್ದರೆ, ಒಂದರಿಂದ ಇನ್ನೊಂದಕ್ಕೆ ಬರಲು ಒಂದು ನಿಮಿಷಕ್ಕಿಂತ ಹೆಚ್ಚೇ ಬೇಕು. ಮೂರು ಪೆಟ್ಟಿಗೆಗಳ ಮುಂದೆ ಅದು ಹಾದ ಹೊತ್ತನ್ನು ಹೋಲಿಸಿದರೆ ದಿಕ್ಕೂ ವೇಗವೂ ಸಿಗುತ್ತವೆ. ಮುಂದೆ ಎಲ್ಲಿ ಕಾಣಿಸಬಹುದೆಂದು ಊಹಿಸಿ ಆ ಕಡೆಯ ನಾಲ್ಕಾರನ್ನು ಮಾತ್ರ ಎಬ್ಬಿಸುವುದು, ಹಿಂದಿನವನ್ನು ಮಲಗಿಸುವುದು. ಅಟ್ಟಣೆಯ ಮೇಲೆ ಕೂತವರು ಪಕ್ಕದ ಹೊಲದವರಿಗೆ ಕೂಗಿ ಹೇಳಿ, ಅವರು ಅದರಾಚೆಯವರಿಗೆ ದಾಟಿಸುವ ಹಾಗೆ. ಸುದ್ದಿಯೂ ಚಿಕ್ಕದು: ಪೆಟ್ಟಿಗೆಯ ನಂಬರು, ಹೊತ್ತು, ದಿಕ್ಕು. ಪೆಟ್ಟಿಗೆಯಿಂದ ಪೆಟ್ಟಿಗೆಗೆ ದಾಟಿ ಕರೆಂಟಿರುವ ಮನೆಯೊಂದರ ಯಂತ್ರ ಮುಟ್ಟಿದರೆ, ಅಲ್ಲಿಂದ ಮೊಬೈಲಿಗೆ. ಇಂಥ ಕೆಲಸಕ್ಕೆ ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ತರಂಗಗಳನ್ನು ಲೈಸೆನ್ಸ್ ಇಲ್ಲದೆ ಬಳಸಬಹುದು.

ತೊಡಕೂ ಇದೆ. ಕಬ್ಬಿನೊಳಗೆ ನಿಂತು ಮೇಯುವ ಆನೆ ಪಿಐಆರ್ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅದಕ್ಕೆ ಚಲನೆ ಬೇಕು. ಹತ್ತು ನಿಮಿಷ ಯಾವ ಪೆಟ್ಟಿಗೆಯೂ ಸದ್ದು ಮಾಡಲಿಲ್ಲವೆಂದು 'ಆನೆ ಹೋಯಿತು' ಎಂದುಕೊಳ್ಳುವ ವ್ಯವಸ್ಥೆ ಪ್ರಾಣಕ್ಕೇ ಅಪಾಯ. ಕೊನೆಗೆ ಕಂಡ ಜಾಗದ ಸುತ್ತಲಿನ ಪೆಟ್ಟಿಗೆಗಳನ್ನೆಲ್ಲ ಎಬ್ಬಿಸಿಟ್ಟು, ಯಾವುದಾದರೊಂದರ ಮುಂದೆ ಅದು ಹೊರಬೀಳುವವರೆಗೆ ಒಳಗೇ ಇದೆ ಎಂದು ತಿಳಿಯಬೇಕು. ಇನ್ನು ಬಿಸಿಲಿಗೆ ಕಾದ ಗರಿ ಗಾಳಿಗೆ ತೂಗಿದರೂ, ರಾತ್ರಿ ನೀರು ಹಾಯಿಸಲು ಹೋದವರು ಎದುರಾದರೂ ಸೆನ್ಸರ್ ಕೂಗುತ್ತದೆ. ಮನುಷ್ಯ, ಪ್ರಾಣಿ, ಅಲ್ಲಾಡುವ ಗಿಡ ಇವನ್ನು ಪಿಐಆರ್ ಸಂಕೇತದಲ್ಲೇ ಬೇರ್ಪಡಿಸುವ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ನಡೆದಿದೆ. ನನ್ನ ಮಟ್ಟಿಗೆ ಬ್ಯಾಟರಿಗಿಂತ ದೊಡ್ಡ ಸಮಸ್ಯೆ ಇದೇ. ಮೂರು ರಾತ್ರಿ ಸುಳ್ಳು ಕರೆ ಬಂದರೆ ನಾಲ್ಕನೆಯ ರಾತ್ರಿ ಯಾರೂ ಫೋನ್ ನೋಡುವುದಿಲ್ಲ. ಅಕ್ಕಪಕ್ಕದ ಎರಡು ಪೆಟ್ಟಿಗೆ ಹೌದೆಂದ ಮೇಲೆಯೇ ಸುದ್ದಿ ಕಳಿಸಬೇಕು.

ಹಾಗಾದರೆ ಆನೆಯ ಕೊರಳಿಗೆ ಕಟ್ಟುವ ರೇಡಿಯೋ ಕಾಲರ್ ಸಾಲದೇ ಎಂದು ನೀವು ಕೇಳಬಹುದು. ಕರ್ನಾಟಕದಲ್ಲಿ ಹಾಸನ ಮುಂತಾದ ಕಡೆ ಅರಣ್ಯ ಇಲಾಖೆ ಹಿಂಡಿನ ಹೆಣ್ಣಾನೆಗಳಿಗೆ ಕಾಲರ್ ಹಾಕಿದೆ, ಅದರಿಂದ ಪ್ರಯೋಜನವೂ ಆಗಿದೆ. ಆದರೆ ಅದು ತೊಟ್ಟ ಆನೆಯ ಜಾಡನ್ನಷ್ಟೇ ಹೇಳುತ್ತದೆ, ತೊಡಿಸಲು ಅರಿವಳಿಕೆ ಕೊಡಬೇಕು. ಕಾಲರ್ ಇಲ್ಲದ ಒಂಟಿ ಸಲಗ ಬಂದರೂ ಹೇಳಬಲ್ಲದ್ದು ನೆಲದಲ್ಲಿ ಹರಡಿದ ಪೆಟ್ಟಿಗೆಗಳ ಜಾಲ.

ತಮಿಳುನಾಡಿನ ವಾಲ್ಪಾರೈಯ ಟೀ ತೋಟಗಳಲ್ಲಿ ನೇಚರ್ ಕನ್ಸರ್ವೇಷನ್ ಫೌಂಡೇಶನ್‌ನವರು ಆನೆ ಇರುವ ಜಾಗವನ್ನು ಎಸ್‌ಎಂಎಸ್ ಮೂಲಕ ತಿಳಿಸಿ, ಮೊಬೈಲಿನಿಂದಲೇ ಉರಿಯುವ ಕೆಂಪು ದೀಪಗಳನ್ನು ಎತ್ತರದ ಜಾಗಗಳಲ್ಲಿ ನಿಲ್ಲಿಸಿದರು. ಅಲ್ಲಿ ಆನೆಯ ಸುದ್ದಿ ತಂದವರು ಮುಖ್ಯವಾಗಿ ಮನುಷ್ಯರೇ, ಸೆನ್ಸರ್‌ಗಳಲ್ಲ. ಆದರೂ ಸಂಜೆ ಬಸ್ಸಿಳಿದು ಮನೆಗೆ ನಡೆಯುವವರಿಗೆ ಸುದ್ದಿ ಹೊತ್ತಿಗೆ ಸರಿಯಾಗಿ ಮುಟ್ಟಿದ್ದರಿಂದ ಜೀವಗಳು ಉಳಿದಿವೆ. ನಿಮ್ಮ ಕಡೆ ಇಂಥ ಜಾಲ ಹಾಕುವುದಾದರೆ ಇಡೀ ಕಾಡಂಚಿಗೆ ಹರಡಬೇಕಿಲ್ಲ. ಆನೆ ಕಂದಕದ ಮಣ್ಣು ಕುಸಿದ ಕಡೆ, ಹಳ್ಳ ದಾಟುವ ಕಡೆ, ಅವು ಪದೇ ಪದೇ ಬರುವ ದಾರಿಗಳು ಊರವರಿಗೆ ಗೊತ್ತೇ ಇರುತ್ತವೆ. ಮೊದಲ ಪೆಟ್ಟಿಗೆಗಳನ್ನು ಅಲ್ಲಿ, ಸೊಂಡಿಲಿಗೆ ಎಟುಕದ ಎತ್ತರದಲ್ಲಿ ಕಟ್ಟಿ. ಸುದ್ದಿ ಕಚೇರಿಯ ಪರದೆಗೆ ಹೋಗುವ ಮುನ್ನ ಅಟ್ಟಣೆಯಲ್ಲಿ ಕೂತವರ ಫೋನಿಗೆ ಬರುವಂತೆ ಕೇಳಿ ಮಾಡಿಸಿಕೊಳ್ಳಿ.